ಕಲ್ಮಲ ಕ್ರಾಸಿನಲ್ಲಿ ಸೈರನ್ ನಿಂತ ಹೊತ್ತು

ಆ ದಿನದ ದಿನಚರಿಯಲ್ಲಿ ನಾನು ಬರೆದಿರುವುದು ನಾಲ್ಕೇ ಸಾಲು. "ವೈನಿಗೆ ಲಕ್ವಾ. ಮಾನ್ವಿಯಿಂದ ರಾಯಚೂರಿಗೆ ಆಂಬುಲೆನ್ಸ್. ಕಲ್ಮಲ ಕ್ರಾಸಿನಲ್ಲಿ ಸೈರನ್ ನಿಂತಿತು, ಅಣ್ಣ ತೀರ್ಥ ಹಾಕಲು ಹೋದ, ನರ್ಸ್ ತಡೆದರು. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು." ನಾಲ್ಕೂ ಸಾಲು ನಿಜ. ಆದರೆ ಅದರಲ್ಲಿ ಒಂದು ಮಾತು ಇಲ್ಲ. ಅದು ತಾನಾಗಿ ಬಿಟ್ಟುಹೋಯಿತೋ, ನಾನೇ ಬಿಟ್ಟೆನೋ, ಈಗಲೂ ಖಚಿತವಾಗಿ ಹೇಳಲಾರೆ.

ನಾನು ದೇವದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆ ರಾಯಚೂರಿನಲ್ಲಿ. ದಿನಾಲೂ ಬಸ್ಸಿನಲ್ಲಿ ಕಲ್ಮಲ ದಾಟಿ ಹೋಗಿ ಬರುವವನು. ಅಣ್ಣ ಮಾನ್ವಿಯಲ್ಲಿದ್ದಾನೆ, ಗುಡಿಯ ಪೂಜೆ ಅವನದು. ನಮ್ಮಿಬ್ಬರಿಗೂ ಹನ್ನೆರಡು ವರ್ಷದ ಅಂತರ. ಅವ್ವ ಹೋದ ಮೇಲೆ ನನಗೆ ಉಣ್ಣಲಿಕ್ಕಿಟ್ಟು, ಶಾಲೆಗೆ ಕಳಿಸಿ, ಮುಂದೆ ವಿಶ್ವವಿದ್ಯಾಲಯಕ್ಕೆ ಹೊರಟಾಗ ಹಾಸಿಗೆ ಸುತ್ತಿ ಹಗ್ಗ ಬಿಗಿದುಕೊಟ್ಟವರು ವೈನಿ, ಅಂದರೆ ಅಣ್ಣನ ಹೆಂಡತಿ. ಹಗ್ಗ ಬಿಗಿಯುವಾಗ ಅವರು ಮೊಣಕಾಲು ಊರಿದ್ದು ನನಗೆ ನೆನಪಿದೆ. ಅಥವಾ ನೆನಪಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಅದೊಂದು ರವಿವಾರ. ನಾನು ಹಿಂದಿನ ದಿನವೇ ಮಾನ್ವಿಗೆ ಹೋಗಿದ್ದೆ. ಬೆಳಿಗ್ಗೆ ನೈವೇದ್ಯದ ಅಡುಗೆ ಮಾಡುತ್ತಿದ್ದ ವೈನಿಯ ಕೈಯಿಂದ ಸೌಟು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು, ಬಲಗೈ ಮಾತು ಕೇಳಲಿಲ್ಲ. ನನ್ನ ಕಡೆ ನೋಡಿ ಏನೋ ಹೇಳಿದರು, ಅದು ಮಾತಾಗಲಿಲ್ಲ. ಬಾಯಿ ಒಂದು ಕಡೆಗೆ ಜಗ್ಗಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು ಹೆಚ್ಚು ಮಾತಾಡದೆ ವಿಷಯ ಹೇಳಿದರು. ರಾಯಚೂರಿಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿಸಬೇಕು. ರಕ್ತ ಹೆಪ್ಪುಗಟ್ಟಿದ್ದೇ ಆಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಹೊತ್ತು ಮೀರಿದರೆ ಅದನ್ನು ಕೊಡುವಂತಿಲ್ಲ. ಹೊತ್ತಿನೊಳಗೆ ಕೊಟ್ಟರೆ ಕೈಯೂ ನಾಲಿಗೆಯೂ ಉಳಿದಾವು. "ಇನ್ನೊಂದು. ಬಾಯಿಗೆ ಏನೂ ಹಾಕಬ್ಯಾಡ್ರಿ. ಒಂದು ಹನಿ ನೀರೂ ಬ್ಯಾಡ. ನುಂಗೋ ಶಕ್ತಿ ಹೋಗೇದ, ಹಾಕಿದ್ದು ಪುಪ್ಪುಸಕ್ಕ ಇಳೀತದ" ಎಂದರು. ಅಣ್ಣ ತಲೆಯಾಡಿಸಿದ. ನಾನೂ ಆಡಿಸಿದೆ.

ಆದರೆ ಅಣ್ಣನ ಶಲ್ಯದ ಗಂಟಿನಲ್ಲಿ ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣ ತಾಮ್ರದ ಗಿಂಡಿಯೊಂದಿತ್ತು. ಕಾಶಿಯಿಂದ ತಂದ ಗಂಗೆ, ಅದರಲ್ಲಿ ಒಂದು ತುಳಸಿದಳ. ನಮ್ಮ ಮನೆಯಲ್ಲಿ ಯಾರಿಗಾದರೂ ಕೊನೆಯ ಹೊತ್ತು ಬಂತೆಂದರೆ ಅದು ಬಾಯಿಗೆ ಬೀಳಬೇಕು. ಬೀಳದೆ ಹೋದವರ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತಾರೆ. ಆಟೋ ಹತ್ತುವ ಗಡಿಬಿಡಿಯಲ್ಲಿಯೂ ಅಣ್ಣ ದೇವರ ಮನೆಗೆ ಹೋಗಿ ಅದನ್ನು ತೆಗೆದುಕೊಂಡು ಬಂದಿದ್ದ.

ಆಂಬುಲೆನ್ಸಿನ ಡ್ರೈವರು ಐವತ್ತರ ಆಸುಪಾಸಿನವರು, ಮಾನ್ವಿಯವರೇ. ಅವರ ತಮ್ಮಂದಿರು ಪ್ಯಾಟಿಯಲ್ಲಿ ಹಣ್ಣಿನ ವ್ಯಾಪಾರ ಮಾಡುತ್ತಾರೆ. ಮನೆಯಲ್ಲಿ ದಖ್ಖನಿ ಆಡುತ್ತಾರೆ, ನಮ್ಮೊಡನೆ ನಮ್ಮಂತೆಯೇ ಕನ್ನಡ. ಕೊರಳಲ್ಲಿ ದಾರಕ್ಕೆ ತೂಗುಬಿಟ್ಟ ಚಾಳೀಸು ಕನ್ನಡಕ. ವೈನಿಯ ಸ್ಟ್ರೆಚರ್ ಒಳಗೆ ಹೋಗಿ, ನರ್ಸ್ ಹತ್ತಿ, ಬಾಗಿಲು ಬಿದ್ದ ಸಪ್ಪಳ ಕೇಳುವವರೆಗೆ ಅವರು ಗಾಡಿಯ ಮೇಲಿನ ದೀಪ ಹಚ್ಚಲಿಲ್ಲ.

"ಆಚಾರ್ರೇ, ನೀವು ಹಿಂದ ಅಕ್ಕಾರ ಕಡೆ ಕೂಡ್ರಿ. ಸರ್, ನೀವು ಮುಂದ ಬರ್ರಿ. ಬೆಲ್ಟ್ ಹಾಕ್ಕೋರಿ."

"ಬೆಲ್ಟ್ ಇರಲಿ ಬಿಡ್ರಿ, ಲಗೂನ ನಡೀರಿ" ಎಂದೆ.

"ನೀವು ಗ್ಲಾಸಿಗಿ ಬಡದು ಬಿದ್ರ ಒಂದು ಸ್ಟ್ರೆಚರ್ ಮ್ಯಾಗ ಇಬ್ಬರನ್ನ ಹೆಂಗ ಮಲಗಸ್ಲಿ?"

ಹಾಕಿಕೊಂಡೆ. ಅವರು ದೀಪದ ಗುಂಡಿ ಒತ್ತಿದರು, ಆಮೇಲೆ ಸೈರನ್.

ಊರು ದಾಟಿದ ಮೇಲೆ ಗಾಡಿ ಓಡಿತು. ನೇರ ದಾರಿಯಲ್ಲಿ ನನಗೆ ಹೆದರಿಕೆಯಾಗುವಷ್ಟು ವೇಗ. ಹಂಪು ಬಂದರೆ ಮಾತ್ರ ಎತ್ತಿನ ಗಾಡಿಗಿಂತ ಮೆಲ್ಲಗೆ. ಎದುರಿಗೆ ಬರುತ್ತಿದ್ದ ಭತ್ತದ ಟ್ರ್ಯಾಕ್ಟರುಗಳು ಹೊಲದ ಅಂಚಿಗೆ ಇಳಿದು ನಿಂತವು. ಒಂದು ಬಸ್ಸು ಪೂರ್ತಿ ಮಣ್ಣಿಗೆ ಇಳಿಯಿತು. ಕಲ್ಲೂರಿನಲ್ಲಿ ಚಹಾದಂಗಡಿಯ ಮುಂದಿನ ಬೆಂಚಿನಿಂದ ನಾಲ್ಕಾರು ಜನ ಎದ್ದು ನಿಂತು, ರಸ್ತೆಗೆ ಅಡ್ಡ ಬಂದ ಎಮ್ಮೆಗಳನ್ನು ಹೊಡೆದು ಆಚೆ ಸರಿಸಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಒಳಗೆ ಯಾರಿದ್ದಾರೆಂದು ಗೊತ್ತಿಲ್ಲದ ಜನ ದಾರಿ ಬಿಡುವುದನ್ನು ಒಳಗೆ ಕುಳಿತು ನೋಡಿದವನಿಗೆ ಮಾತ್ರ ಅದರ ತೂಕ ತಿಳಿದೀತು. ಅಲ್ಲಿಯವರೆಗೆ ನಾನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದೆ.

ಕಲ್ಲೂರು ದಾಟಿದ ಮೇಲೆ ಒಂದು ಬಿಳಿ ಕಾರು ನಮ್ಮ ಬೆನ್ನಿಗೆ ಬಿತ್ತು. ನಾವು ಬಿಡಿಸಿಕೊಂಡ ದಾರಿಯಲ್ಲಿ ತಾನೂ ಬರುವ ಆಸೆ ಅದಕ್ಕೆ. ಡ್ರೈವರು ಕನ್ನಡಿಯಲ್ಲಿ ನೋಡಿ ಗೊಣಗಿದರು.

"ಅವನ ಮನಿಯಾಗ ಹಾಲು ಉಕ್ಕಾಕತ್ತದೇನೋ. ನಾ ಗಕ್ಕನ ಬ್ರೇಕ್ ಹಾಕಿದ್ರ ಹಿಂದ ಬಂದು ಸಿಸ್ಟರ್ ಬಾಜೂಕನಽ ಕುಂದರ್ತಾನ." ಕೈ ಹೊರಗೆ ಹಾಕಿ ಜೋರಾಗಿ ಬೀಸಿದರು. ಕಾರು ಹಿಂದೆ ಸರಿಯಿತು.

ಈಗ ಕಲ್ಮಲ ಕ್ರಾಸಿನ ಮಾತು. ಅದಕ್ಕೂ ಮೊದಲು ನಮ್ಮ ಕಡೆಯ ಒಂದು ತಿಳಿವಳಿಕೆಯನ್ನು ಹೇಳಬೇಕು. ಸೈರನ್ ಹಾಕಿಕೊಂಡು ಹೊರಟ ಆಂಬುಲೆನ್ಸು ನಡುದಾರಿಯಲ್ಲಿ ಸುಮ್ಮನಾಯಿತೆಂದರೆ ಒಳಗಿನ ಜೀವ ಹೋಯಿತೆಂದೇ ಜನ ತಿಳಿಯುತ್ತಾರೆ. ಇದೇನೂ ಮೂಢನಂಬಿಕೆಯಲ್ಲ, ಕಂಡು ಕಲಿತದ್ದು. ತುರ್ತು ಇದ್ದಾಗ ಮಾತ್ರ ದೀಪ, ತುರ್ತು ಇದ್ದಾಗ ಮಾತ್ರ ಸೈರನ್ ಎಂದು ನಿಯಮವಿದೆ. ದಾರಿಯಲ್ಲಿ ರೋಗಿ ತೀರಿಕೊಂಡರೆ ತುರ್ತು ಮುಗಿಯಿತು, ನಿಯಮ ಪಾಲಿಸುವ ಡ್ರೈವರು ಎರಡನ್ನೂ ಆರಿಸಿ ಎಲ್ಲರಂತೆ ಮೆಲ್ಲಗೆ ಓಡಿಸುತ್ತಾನೆ. ಹಾಗಾಗಿ ಮೌನಕ್ಕೆ ಆ ಅರ್ಥ ಬಂದಿದೆ. ಕಲ್ಲೂರಿನ ಬೆಂಚಿನವರಿಗೂ ಗೊತ್ತು, ಅಣ್ಣನಿಗೂ ಗೊತ್ತು, ನನಗೂ ಗೊತ್ತು.

ಕಲ್ಮಲದಲ್ಲಿ ನಮ್ಮ ದಾರಿಗೆ ದೇವದುರ್ಗದ ಕಡೆಯ ದಾರಿ ಬಂದು ಕೂಡುತ್ತದೆ. ಅಲ್ಲಿಂದ ಮುಂದೆ ರಾಯಚೂರಿಗೆ ಒಂದೇ ರಸ್ತೆ. ಕ್ರಾಸು ಇನ್ನೂ ಸ್ವಲ್ಪ ದೂರವಿರುವಾಗ ಡ್ರೈವರು ವೇಗ ಇಳಿಸಿ, ಕೈ ಚಾಚಿ ಸೈರನ್ ಆರಿಸಿಬಿಟ್ಟರು.

ಆ ಮೌನ ನನ್ನ ನೆನಪಿನಲ್ಲಿ ಒಂದು ನಿಮಿಷದಷ್ಟು ಉದ್ದವಿದೆ. ಅಷ್ಟಿರಲಿಕ್ಕಿಲ್ಲ. ಬೆನ್ನ ಹಿಂದೆ, ಅರ್ಧ ಸರಿಸಿದ್ದ ಸಣ್ಣ ಗಾಜಿನ ಕಿಟಕಿಯ ಆಚೆ ಅಣ್ಣನ ಮುಖ ಕಂಡಿತು. ಅವನ ಕಣ್ಣು ಗಾಡಿಯ ಮಾಡಿನ ಕಡೆಗಿತ್ತು, ಅಲ್ಲಿಂದ ಬರುತ್ತಿದ್ದ ಸದ್ದನ್ನು ಹುಡುಕುವಂತೆ. ಆಮೇಲೆ ಅವನು ಶಲ್ಯದ ಗಂಟು ಬಿಚ್ಚಿದ. ಗಿಂಡಿ ಹೊರಗೆ ಬಂತು. ಅವನ ಅಳು ಕೇಳಿಸಿತು, "ನಾರಾಯಣ, ನಾರಾಯಣ" ಕೇಳಿಸಿತು. ಡ್ರೈವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಏನೋ ಕೂಗಿದರು. ಮರುಕ್ಷಣ ನರ್ಸ್ ಅಣ್ಣನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಿದ್ದರು.

"ಆಚಾರ್ರೇ! ಬಾಯಾಗ ಹಾಕಬ್ಯಾಡ್ರಿ! ಜೀವ ಅದರಿ, ನಾಡಿ ನೋಡ್ರಿ ಇಲ್ಲಿ, ಬಡ್ಯಾಕತ್ತದ!"

ಅದೇ ಹೊತ್ತಿಗೆ ದೇವದುರ್ಗದ ಕಡೆಯಿಂದ ಇನ್ನೊಂದು ಸೈರನ್ ಕೇಳಿಸಿತು. ಹತ್ತಿರದಲ್ಲೇ ಇತ್ತು. ಅಂಗಡಿ ಸಾಲಿನ ಮರೆಯಿಂದ ಇನ್ನೊಂದು ಆಂಬುಲೆನ್ಸು ದೀಪ ಮಿನುಗಿಸುತ್ತ ನುಗ್ಗಿ ಬಂತು. ನಮ್ಮ ಡ್ರೈವರು ಪೂರ್ತಿ ನಿಲ್ಲಿಸಿ ಅದಕ್ಕೆ ದಾರಿ ಬಿಟ್ಟರು. ಅದು ರಾಯಚೂರಿನ ಕಡೆ ತಿರುಗಿ ಹೋಯಿತು. ಆಮೇಲೆ ತಮ್ಮ ಸೈರನ್ ಮತ್ತೆ ಹಾಕಿದರು. ಆದರೆ ಮೊದಲಿನ ದನಿಯಲ್ಲ. ಮೊದಲಿನದು ಎಳೆದೆಳೆದು ಕೂಗುತ್ತಿತ್ತು, ಇದು ತುಂಡು ತುಂಡಾಗಿ, ನಾಯಿ ಬೊಗಳಿದ ಹಾಗೆ.

"ಅವಗ ಯಾಕ ಬಿಟ್ರಿ? ನಮ್ಮ ವೈನಿ..." ಎಂದೆ.

"ಅದರಾಗೂ ಯಾರದೋ ವೈನಿ ಇರ್ತಾರ ಸರ್" ಎಂದರು. ಅಷ್ಟೇ.

ಊರೊಳಗೆ ಎರಡು ಕಡೆ ಕೆಂಪು ಸಿಗ್ನಲ್ ಬಿದ್ದಿತ್ತು. ಎರಡೂ ಕಡೆ ಅವರು ಗಾಡಿಯನ್ನು ನಿಲ್ಲಿಸಿದಷ್ಟು ಮೆಲ್ಲಗೆ ಮಾಡಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಒಂದು ಕಡೆಯಂತೂ ಮೋಟಾರ್ ಸೈಕಲ್ಲಿನ ಮೇಲಿದ್ದ ಒಬ್ಬ ಹೆಣ್ಣುಮಗಳ ಕಣ್ಣು ತಮ್ಮ ಮೇಲೆ ಬಿದ್ದದ್ದು ಖಾತ್ರಿಯಾದ ಮೇಲೆ ದಾಟಿದರು. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಆಸ್ಪತ್ರೆ ಮುಟ್ಟಿದೆವು. ಸ್ಕ್ಯಾನ್ ಆಯಿತು. ಹೊತ್ತು ಮೀರಿರಲಿಲ್ಲ, ಇಂಜೆಕ್ಷನ್ ಕೊಟ್ಟರು. ನಾನು ಹೊರಗೆ ಬಂದು ನೋಡುವಷ್ಟರಲ್ಲಿ ಆ ಗಾಡಿ ಗೇಟು ದಾಟುತ್ತಿತ್ತು, ದೀಪವಿಲ್ಲ, ಸೈರನ್ನಿಲ್ಲ, ಎಡಬದಿಗೆ ಹಿಡಿದು, ಒಂದು ಸೈಕಲ್ಲಿನ ಹಿಂದೆ ತಾಳ್ಮೆಯಿಂದ.

ಈ ಕತೆಯನ್ನು ನಾನು ಆಮೇಲೆ ಬಹಳ ಸಲ ಹೇಳಿದೆ. ಕ್ಲಾಸಿನಲ್ಲಿಯೂ ಹೇಳಿದೆ. ಕಣ್ಣಾರೆ ಕಂಡವರ ಸಾಕ್ಷಿಯನ್ನೂ ಯಾಕೆ ಪರೀಕ್ಷಿಸಬೇಕು ಎಂಬ ಪಾಠಕ್ಕೆ ಅದು ಒಳ್ಳೆಯ ಉದಾಹರಣೆಯಾಗಿ ಒದಗಿತ್ತು. ಅಣ್ಣ ಒಂದು ಮೌನವನ್ನು ತಪ್ಪಾಗಿ ಓದಿದ, ಡಾಕ್ಟರು ಹೇಳಿದ್ದನ್ನು ಮರೆತ, ಭಕ್ತಿಯಿಂದಲೇ ಹೆಂಡತಿಯ ಜೀವಕ್ಕೆ ಕುತ್ತು ತರುತ್ತಿದ್ದ. ಹುಡುಗರು ಗಂಭೀರವಾಗಿ ಕೇಳುತ್ತಿದ್ದರು. ಹೇಳುವಾಗ ನಾನು ಮುಂದಿನ ಸೀಟಿನಲ್ಲಿ ಎಲ್ಲವನ್ನೂ ನೋಡುತ್ತ ಕುಳಿತ ಒಂದು ಜೊತೆ ಕಣ್ಣು ಮಾತ್ರ.

ಕೆಲವು ತಿಂಗಳು ಕಳೆದ ಮೇಲೆ, ಮಾನ್ವಿಗೆ ಹೋದಾಗ, ಆಸ್ಪತ್ರೆಯ ಎದುರಿನ ಚಹಾದ ಬಂಡಿಯ ಹತ್ತಿರ ಆ ಡ್ರೈವರು ಸಿಕ್ಕರು. ನಾನೇ ಗುರುತಿಸಿ ಮಾತಾಡಿಸಿದೆ. ಮೊದಲು ಅವರು ಕೇಳಿದ್ದು, "ಅಕ್ಕಾರ ಕೈ ಹೆಂಗ ಅದ?"

"ಪೂರ್ತಿ ಬಂದಿಲ್ಲ. ಮಾತು ಮೆಲ್ಲಗ ಬರ್ಲಿಕ್ಕತ್ತದ."

"ಬರ್ತದ ತಗೋರಿ. ಹೆಣ್ಮಕ್ಕಳ ಮಾತು ಎಲ್ಲಿ ಹೋಗ್ತದ" ಎಂದು ನಕ್ಕರು.

ಸೈರನ್ ಯಾಕೆ ಆರಿಸಿದ್ದು ಎಂದು ಕೇಳಿದೆ. ಅವರು ಚಹಾದ ಕಪ್ಪನ್ನು ಬಂಡಿಯ ಮೇಲಿಟ್ಟು, ಮಗ್ಗಿ ಒಪ್ಪಿಸುವ ಹಾಗೆ ಹೇಳಿದರು.

"ನನ್ನ ಸೈರನ್ ಇಡೀ ರಸ್ತೆಕ್ಕ ಕೇಳ್ತದ, ನನಗ ಮಾತ್ರ ಕಿವುಡು ಮಾಡ್ತದರಿ. ಇನ್ನೊಂದು ಆಂಬುಲೆನ್ಸ್ ಬಂದ್ರ ಅವಂಗ ಅವಂದಽ ಕೇಳ್ತದ, ನನಗ ನಂದಽ. ಇಬ್ಬರೂ ದಾರಿ ನಮ್ಮದಽ ಅಂತ ನುಗ್ತೀವಿ. ಅದಕ್ಕ ಕ್ರಾಸ್ ಬಂತಂದ್ರ ಹತ್ತು ಎಣಸೂಮಟ ಬಂದ್ ಮಾಡಿ ಕೇಳ್ತೀನಿ. ಕೇಳಿ ಹೋಗ್ತೀನಿ."

"ಕಾನೂನಿನ ಪ್ರಕಾರ ನಿಮಗ ನಿಲ್ಲೋದು ಬ್ಯಾಡಲ್ಲ? ಸಿಗ್ನಲ್ ದಾಟಬಹುದು, ವೇಗ ಮೀರಬಹುದು, ಒನ್‌ವೇದಾಗ ಎದುರೂ ಹೋಗಬಹುದು."

"ದೀಪ ಹಚ್ಚಿ, ಸೈರನ್ ಹಾಕಿ, ಜ್ವಾಕಿಲೆ ಅಂತನೂ ಅದರಿ ಅದರಾಗ. ಮಂದಿ ಮೊದಲನೇದು ಓದ್ತಾರ, ಜ್ವಾಕಿ ಓದಂಗಿಲ್ಲ. ಕಾಯ್ದೆ ನನಗ ಕೆಂಪು ದೀಪ ದಾಟಾಕ ಬಿಟ್ಟದ, ಮಂದಿಗಿ ಗುದ್ದಾಕ ಬಿಟ್ಟಿಲ್ಲ. ಬೆಂಕಿ ಆರಸೂ ಗಾಡಿ ಮೊದಲು, ಆಮ್ಯಾಲ ನಾವು, ಆಮ್ಯಾಲ ಪೊಲೀಸ್ರು. ಎರಡು ಆಂಬುಲೆನ್ಸ್ ಎದುರಾಬದುರಾದ್ರ ಯಾವುದು ಮುಂದು ಅಂತ ಬರದಿಟ್ಟಿಲ್ಲ. ಅಲ್ಲಿ ನಮ್ಮ ನಮ್ಮ ಬುದ್ಧಿ."

"ದನಿ ಬದಲಿ ಮಾಡಿದ್ರಿ?"

"ಮತ್ತ! ಒಂದು ಗಾಡಿ ಹೋತು ಅಂದ್ರ ಮಂದಿ ಮುಗೀತು ಅಂತ ರಸ್ತೆಕ್ಕ ಇಳೀತಾರ. ಹಿಂದ ಇನ್ನೊಂದು ಅದ ಅಂತ ತಿಳೀಬೇಕಲ್ಲರಿ. ಒಂದಽ ದನಿ ಇದ್ರ ಅದಽ ಇದು ಅನ್ಕೋತಾರ."

ನನ್ನ ಬಾಲ್ಯದಲ್ಲಿ ಕೆಂಪು ಗೂಟದ ಕಾರು ಮಾನ್ವಿಗೆ ಬಂದರೆ ಶಾಲೆ ಬಿಡಿಸಿ ರಸ್ತೆಯ ಬದಿಗೆ ನಿಲ್ಲಿಸುತ್ತಿದ್ದರು. ಒಳಗಿದ್ದವರ ಮುಖ ಯಾವತ್ತೂ ಕಂಡದ್ದಿಲ್ಲ, ಗೂಟ ಮಾತ್ರ ಕಾಣುತ್ತಿತ್ತು. ದೀಪವೆಂದರೆ ಅಧಿಕಾರ ಎಂದೇ ಬೆಳೆದವನು ನಾನು. ಆಮೇಲೆ ಆ ಗೂಟಗಳನ್ನು ತೆಗೆಸಿದರು. ಅದನ್ನು ಹೇಳಿದಾಗ ಅವರು ಮತ್ತೆ ನಕ್ಕರು.

"ಅವರದು ತಗದರು, ಈಗ ಮದಿವಿ ಮನಿಯವರು ನನಗ ಕೇಳ್ತಾರ. ಖಾಲಿ ಹೊಂಟೀಯಲ್ಲ ಭಾಯ್, ಮದಿಮಗನ್ನ ಕುಂದರಿಸ್ಕೊಂಡು ದೀಪ ಹಚ್ಚಿ ಬಂದುಬಿಡು ಅಂತಾರ. ನಾ ಅಂದೆ, ಹಚ್ತೀನಿ, ಮೊದಲು ಮದಿಮಗನ ಕಾಲು ಮುರೀರಿ ಅಂತ."

ನಗು ನಿಂತ ಮೇಲೆ ನಾನು ಹೇಳಿದೆ, "ಅವತ್ತು ನಮ್ಮಣ್ಣ ತಪ್ಪು ತಿಳಕೊಂಡ. ಸಿಸ್ಟರ್ ಹಿಡೀಲಿಲ್ಲಂದ್ರ ಅನಾಹುತ ಆಗ್ತಿತ್ತು."

ಅವರು ಕಪ್ಪಿನೊಳಗೆ ನೋಡಿದರು. ಚಹಾ ಮುಗಿದಿತ್ತು.

"ಆಚಾರ್ರದು ಏನದ ಬಿಡ್ರಿ ಸರ್. ಅವರು ಗಿಂಡಿ ಹಿಡಕೊಂಡು ಕುಂತಿದ್ರು, ನನಗ ಕನ್ನಡ್ಯಾಗ ಕಾಣ್ತಿತ್ತು. ಹಾಕ್ಲೋ ಬ್ಯಾಡೋ ಅನ್ನೂಹಂಗ ನಿಮ್ಮ ಮಾರಿ ನೋಡಿದ್ರು."

"ನನ್ನ ಮಾರಿ?"

"ನೀವು ಹಾಕು ಅಣ್ಣಾ ಅಂದ್ರಿ." ಸಮಾಧಾನ ಮಾಡುವವರಂತೆ ಸೇರಿಸಿದರು. "ಸೈರನ್ ಬಂದ್ ಇತ್ತಲ್ಲರಿ. ಎಲ್ಲಾ ಕೇಳಸ್ತು. ಅದಕ್ಕಽ ನಾ ಸಿಸ್ಟರ್‌ಗೆ ಕೈ ಹಿಡೀರಿ ಅಂತ ಒದರಿದೆ."

ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಅಣ್ಣನ ತಪ್ಪನ್ನು ಎತ್ತದೇ ಇದ್ದಿದ್ದರೆ ನನಗೂ ಹೇಳುತ್ತಿರಲಿಲ್ಲ. ಒಂದು ಕಿವಿ ದೇವದುರ್ಗದ ದಾರಿಯ ಮೇಲೆ, ಇನ್ನೊಂದು ಬೆನ್ನ ಹಿಂದಿನ ಗಾಜಿನ ಮೇಲೆ. ಹತ್ತು ಎಣಿಸುವಷ್ಟು ಹೊತ್ತಿನಲ್ಲಿ ಆ ಮನುಷ್ಯ ವೈನಿಯನ್ನು ಎರಡು ಸಲ ಉಳಿಸಿದ್ದರು. ಒಮ್ಮೆ ಇನ್ನೊಂದು ಗಾಡಿಯಿಂದ, ಒಮ್ಮೆ ನನ್ನಿಂದ.

ನಾನು ಹಾಗೆ ಅಂದೆನೇ? ನನ್ನ ತಲೆಯಲ್ಲಿ ಆ ಮಾತಿನ ಗುರುತೇ ಇಲ್ಲ. ದಿನಚರಿಯಲ್ಲಿಯೂ ಇಲ್ಲ. ಆದರೆ ಕೇಳಲಿಕ್ಕೆಂದೇ ಸದ್ದು ಆರಿಸಿದವರ ಮಾತಿಗೂ, ಹೆದರಿ ಕುಳಿತಿದ್ದ ನನ್ನ ನೆನಪಿಗೂ ನಡುವೆ ಯಾವುದನ್ನು ನಂಬಬೇಕೆಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದರೆ ನಾನು ಉತ್ತರ ಹೇಳಲು ತಡಮಾಡುವುದಿಲ್ಲ.

ಅಣ್ಣನ ಮನೆಗೆ ಬಂದೆ. ಅಣ್ಣ ಪಡಸಾಲೆಯಲ್ಲಿ ತುಳಸಿ ಬಿಡಿಸುತ್ತಿದ್ದ. ವೈನಿ ಕುರ್ಚಿಯ ಮೇಲೆ ಕುಳಿತು ಎಡಗೈಯಿಂದ ಅವರೆಕಾಯಿ ಸುಲಿಯುತ್ತಿದ್ದರು, ಬಲಗೈಯಲ್ಲಿ ಬುಟ್ಟಿಯನ್ನು ಒತ್ತಿ ಹಿಡಿದಿದ್ದರು. ಸೈರನ್ ಆರಿಸಿದ ಕಾರಣದಿಂದ ಹಿಡಿದು ಡ್ರೈವರು ಹೇಳಿದ್ದನ್ನೆಲ್ಲ ಹೇಳಿ, ಅಣ್ಣನನ್ನು ಕೇಳಿದೆ. ಅವನು ತುಳಸಿಯಿಂದ ಕಣ್ಣೆತ್ತಲಿಲ್ಲ.

"ಯಾರು ಅಂದ್ರೇನು. ಕೈ ನಂದಿತ್ತು."

"ನಾ ಅಂದೆನೋ ಇಲ್ಲೋ?"

ಅವನು ತುಳಸಿಯ ಇನ್ನೊಂದು ಕಡ್ಡಿ ಎತ್ತಿಕೊಂಡ. ಇಷ್ಟು ದಿನ ನಾನು ಊರ ತುಂಬ ಅವನ ಕತೆ ಹೇಳಿಕೊಂಡು ತಿರುಗಿದ್ದು ಅವನಿಗೆ ಗೊತ್ತಿತ್ತು. ಒಂದು ಸಲವೂ ತಿದ್ದಿರಲಿಲ್ಲ.

ಉತ್ತರ ಬಂದದ್ದು ವೈನಿಯಿಂದ. ಆಂಬುಲೆನ್ಸಿನಲ್ಲಿ ಕಣ್ಣು ಮುಚ್ಚಿದ್ದ ಅವರಿಗೆ ಎಚ್ಚರವಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ. ಒಂದೊಂದೇ ಶಬ್ದವನ್ನು ಎತ್ತಿಟ್ಟ ಹಾಗೆ ಹೇಳಿದರು.

"ನೀನಽ... ಅಂದಿ. ನಾ ಬ್ಯಾಡ... ಅನ್ಲಿಕ್ಕೆ... ನಾಲಿಗಿ ಎಲ್ಲಿತ್ತು?" ಒಂದು ಅವರೆಕಾಯಿ ಸುಲಿದು ಮುಗಿಸಿದರು. "ಇಷ್ಟು... ಲಗೂ ಕಳಸೋ ಆಸಿ... ಏನೋ ಮಾರಾಯಾ ನಿನಗ. ಇನ್ನೂ ನಿನ್ನ... ಮಗಳ ಮದಿವಿ... ನೋಡೋದದ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋಗಿ ಅವರ ಕಾಲ ಬಳಿ ಕುಳಿತೆ. ಅವರು ಬುಟ್ಟಿಯನ್ನು ನನ್ನ ಮುಂದೆ ತಳ್ಳಿದರು. ಸುಲಿಯತೊಡಗಿದೆ.

ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಸೈರನ್ ಕೇಳಿಸಿತು. ಆಸ್ಪತ್ರೆಯ ಕಡೆಯಿಂದ ಬಂದು, ಜೋರಾಗಿ, ಸರ್ಕಲ್ಲಿನ ಹತ್ತಿರ ಬಂದಂತೆ ಅನ್ನಿಸಿತು. ಆಮೇಲೆ ತಟ್ಟನೆ ನಿಂತಿತು. ಅಣ್ಣನ ಕೈಯಲ್ಲಿದ್ದ ತುಳಸಿ ಅಲ್ಲೇ ಉಳಿಯಿತು. ಓಣಿಯಲ್ಲಿ ಯಾರೋ "ಅಯ್ಯೋ ಯವ್ವಾ, ಹೋತು ನೋಡು" ಎಂದರು. ನಾನೂ ಉಸಿರು ಹಿಡಿದೆ, ಎಲ್ಲ ಗೊತ್ತಿದ್ದೂ.

ವೈನಿ ಎಡಗೈ ಎತ್ತಿ ನಮ್ಮಿಬ್ಬರನ್ನೂ ತಡೆದರು.

"ಸುಮ್ಮನಿರ್ರಿ" ಎಂದರು. "ಕೇಳ್ಲಿಕ್ಕತ್ತಾನ."

ನಾನು ಮನಸ್ಸಿನಲ್ಲಿ ಎಣಿಸಿದೆ. ಏಳಕ್ಕೆ ಸೈರನ್ ಮತ್ತೆ ಕೂಗಿತು, ರಾಯಚೂರಿನ ದಾರಿ ಹಿಡಿಯಿತು. ಆ ರಾತ್ರಿ ದಿನಚರಿ ತೆಗೆದು, ಹಳೆಯ ನಾಲ್ಕು ಸಾಲಿನ ಕೆಳಗೆ ಐದನೆಯದನ್ನು ಬರೆದೆ: "ಹಾಕು ಅಂದವನು ನಾನು."